ಬೆಳಗಿನ ಅಳತೆ

ನಾನು ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಅಂಗಿಯ ಮೇಲಿನ ಬಿಲ್ಲೆಯಲ್ಲಿ 'ಫಿಟ್ಟಿಂಗ್ ತಜ್ಞ' ಎಂದು ಬರೆದಿದೆ. ಅದನ್ನು ನೋಡಿ ಅಮ್ಮ ಬಹಳ ದಿನ ನಾನು ನಲ್ಲಿ ಜೋಡಿಸುವ ಕೆಲಸಕ್ಕೆ ಸೇರಿದ್ದೇನೆಂದೇ ತಿಳಿದಿದ್ದಳು. ದರ್ಜಿಯ ಕೆಲಸದಲ್ಲಿ ಅರ್ಧ ನನ್ನದು. ಜನರ ತೋಳು, ತೊಡೆ, ಭುಜ ಅಳೆಯುತ್ತೇನೆ, ಏನನ್ನೂ ಹೊಲಿಯುವುದಿಲ್ಲ. ಗಾಳಿಯನ್ನು ಹೇಗೆ ಸೀಳಿಕೊಂಡು ಹೋಗಬೇಕೆಂದು ಗಿರಾಕಿಗಳಿಗೆ ದಿನವೆಲ್ಲ ಉಪದೇಶ ಮಾಡಿ, ಸಂಜೆ ಬಸ್ಸಿನ ಕಂಬಿಗೆ ಜೋತುಬಿದ್ದು ಮನೆಗೆ ಹೋಗುತ್ತೇನೆ.

ಹೇಳಹೊರಟಿರುವುದು ನನ್ನ ಚಿಕ್ಕಪ್ಪನ ವಿಷಯ. ಆದರೆ ನನ್ನ ಟೇಪು ಇದರಲ್ಲಿ ಸಿಕ್ಕಿಹಾಕಿಕೊಂಡಿರುವುದರಿಂದ ನಾನೂ ಅಲ್ಲಲ್ಲಿ ಇಣುಕಬೇಕಾಗುತ್ತದೆ.

ಚಿಕ್ಕಪ್ಪ ಲಿಫ್ಟ್ ರಿಪೇರಿ ಮಾಡುವವರು. ನೆಂಟರಿಷ್ಟರ ಬಾಯಲ್ಲಿ ಅವರ ಹೆಸರೇ 'ಲಿಫ್ಟ್'. "ಲಿಫ್ಟ್ ಬಂದ್ನಾ?" "ಲಿಫ್ಟಿಗೆ ಊಟ ಹಾಕಿದ್ರಾ?" ಹೀಗೆ. ಅವರಿಗೆ ಅದರಿಂದ ಬೇಸರವಿಲ್ಲ. "ಈ ಊರಲ್ಲಿ ಎಷ್ಟು ಜನರನ್ನ ಮೇಲೆ ಕಳಿಸಿದೀನಿ, ಒಬ್ಬರೂ ತಿರುಗಿ ಬಂದು ದೂರು ಕೊಟ್ಟಿಲ್ಲ" ಎಂಬುದು ಅವರ ಹಳೆಯ ಜೋಕು. ಕೇಳಿದವರು ನಗದಿದ್ದರೆ ಇನ್ನೊಮ್ಮೆ ಹೇಳುತ್ತಾರೆ. ತಾವು ಮಾತ್ರ ಎಲ್ಲ ಕಟ್ಟಡವನ್ನೂ ಮೆಟ್ಟಿಲಲ್ಲೇ ಹತ್ತಿದವರು. ಲಿಫ್ಟು ಕೆಟ್ಟು ನಿಂತಾಗಲೇ ತಾನೇ ಅವರಿಗೆ ಕರೆ ಬರುವುದು?

ನನ್ನ ವಯಸ್ಸಿನಲ್ಲಿದ್ದಾಗ ಅವರಿಗೆ ಬೆನ್ನುನೋವು ಶುರುವಾಯಿತು. ಮೊದಮೊದಲು ಎಲ್ಲರೂ ಭಾರ ಎತ್ತಿದ್ದಕ್ಕೆ ಎಂದುಕೊಂಡರು. ಆಮೇಲೆ ಡಾಕ್ಟರು, ಇದು ಬೆನ್ನುಮೂಳೆಯ ಗಿಣ್ಣುಗಳು ನಿಧಾನವಾಗಿ ಒಂದಕ್ಕೊಂದು ಬೆಸೆದುಕೊಳ್ಳುವ ಕಾಯಿಲೆ, ಔಷಧದಿಂದ ತಡೆದು ನಿಲ್ಲಿಸಬಹುದೇ ಹೊರತು ಹಿಂದಕ್ಕೆ ಕಳಿಸಲಾಗದು, ಮೈಯನ್ನು ಸುಮ್ಮನೆ ಇರಲು ಬಿಡಬೇಡಿ ಎಂದರು. ಕಾಯಿಲೆಗೆ ಉದ್ದನೆಯ ಹೆಸರೊಂದಿದೆ. ಮನೆಯಲ್ಲಿ ಅದನ್ನು 'ಬಿಗಿತ' ಎನ್ನುತ್ತೇವೆ. ಅದರ ಸ್ವಭಾವ ವಿಚಿತ್ರ. ರಾತ್ರಿ ಮಲಗಿದ ಮೈ ಬೆಳಿಗ್ಗೆ ಮರಗಟ್ಟಿರುತ್ತದೆ. ಓಡಾಡಿದಂತೆಲ್ಲ ಸಡಿಲವಾಗುತ್ತ ಬರುತ್ತದೆ. "ಬೆಳಿಗ್ಗೆ ಹಲಗೆ, ಸಂಜೆ ಹೊತ್ತಿಗೆ ಗಂಡ" ಎಂದು ಚಿಕ್ಕಮ್ಮ ಒಮ್ಮೆ ನನ್ನಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಆಗ ನಕ್ಕಿದ್ದೆ.

ಮೈಯನ್ನು ಸುಮ್ಮನೆ ಇರಲು ಬಿಡಬಾರದೆಂದು ಚಿಕ್ಕಪ್ಪ ಸೈಕಲ್ ಹಿಡಿದರು. ಹಿಡಿದವರು ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಊರಾಚೆಯ ದೊಡ್ಡ ರಸ್ತೆಯಲ್ಲಿ ಒಂದು ಗುಂಪು ಸೈಕಲ್ ತುಳಿಯುತ್ತದೆ. ಬ್ಯಾಂಕಿನವರು, ಮೇಷ್ಟರು, ಹಲ್ಲಿನ ಡಾಕ್ಟರು, ಎಲ್ಲರೂ ಒಬ್ಬರ ಹಿಂದೊಬ್ಬರು ಅಂಟಿಕೊಂಡಂತೆ ಸಾಗುತ್ತಾರೆ. ಮುಂದಿರುವವನು ಎದುರುಗಾಳಿಯನ್ನೆಲ್ಲ ಎದೆಯಲ್ಲಿ ತಡೆಯುತ್ತಾನೆ, ಹಿಂದಿನವರಿಗೆ ಅಷ್ಟು ಹಗುರ. ಉಳಿದ ಗುಂಪುಗಳಲ್ಲಿ ಮುಂದಿನ ಜಾಗವನ್ನು ಸರದಿಯಲ್ಲಿ ಹಂಚಿಕೊಳ್ಳುತ್ತಾರೆ. ಇವರ ಗುಂಪಿನಲ್ಲಿ ಅದು ಚಿಕ್ಕಪ್ಪನದೇ. ಅವರು ಅದನ್ನು ಯಾರಿಗೂ ಬಿಟ್ಟುಕೊಟ್ಟದ್ದಿಲ್ಲ. ಯಾರೂ ಕೇಳಿದ್ದೂ ಇಲ್ಲ, ಹಗುರವಾಗಿರುವುದು ಯಾರಿಗೆ ಬೇಡ?

ಈಚೆಗೆ ಅವರು ಹೊಸ ರೋಡ್ ಬೈಕ್ ಕಟ್ಟಿಸಲು ಹೊರಟರು. ಫ್ರೇಮು, ಚಕ್ರ, ಗೇರು ಎಲ್ಲ ಬಂದವು. ಉಳಿದದ್ದು ಹ್ಯಾಂಡಲ್. ಒಂದು ಸಂಜೆ ಕೆಲಸ ಮುಗಿಸಿ ನಮ್ಮ ಅಂಗಡಿಗೆ ಬಂದವರೇ ಗೋಡೆಯ ಮೇಲೆ ತೂಗುಹಾಕಿದ್ದ ಕಾರ್ಬನ್ ಹ್ಯಾಂಡಲ್ಲಿನ ಕೆಳಗೆ ನಿಂತರು.

"ಇದು ನೋಡು ಹ್ಯಾಂಡಲ್ ಅಂದ್ರೆ. ಒಂದು ವೈರೂ ಆಚೆ ಕಾಣಲ್ಲ. ನಿಮ್ಮ ಮಿಕ್ಕ ಸೈಕಲ್‌ಗಳೆಲ್ಲ ಕರುಳು ಹೊರಗೆ ಬಿದ್ದ ಹಾಗಿವೆ."

"ಚಿಕ್ಕಪ್ಪ, ಇದು ಇಂಟಿಗ್ರೇಟೆಡ್ದು."

"ಅದೇ ಬೇಕು ನಂಗೆ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾಮೂಲಿ ರೋಡ್ ಬೈಕಿನಲ್ಲಿ ಕೈ ಹಿಡಿಯುವ ಹ್ಯಾಂಡಲ್ ಬೇರೆ, ಅದನ್ನು ಸೈಕಲ್ಲಿಗೆ ಕಚ್ಚಿಸುವ ಕತ್ತು ಬೇರೆ. ಕೈಗೆ ದೂರವಾಯಿತೆಂದರೆ ಕತ್ತನ್ನು ಬಿಚ್ಚಿ ಗಿಡ್ಡದ್ದು ಹಾಕಬಹುದು. ಇಂಟಿಗ್ರೇಟೆಡ್ ಎಂದರೆ ಹ್ಯಾಂಡಲ್ಲೂ ಕತ್ತೂ ಒಂದೇ ಅಚ್ಚು. ಬ್ರೇಕಿನ ಕೊಳವೆಗಳು ಅದರ ಹೊಟ್ಟೆಯೊಳಗೇ ಹಾದು ಫ್ರೇಮಿಗೆ ಇಳಿಯುತ್ತವೆ. ಉದ್ದ, ಅಗಲ ಯಾವುದನ್ನು ಆರಿಸಿದಿರೋ ಅದೇ ಕೊನೆ. ಇನ್ನು ಎತ್ತರ. ಮುಂದಿನ ಫೋರ್ಕಿನಿಂದ ಮೇಲೆ ಬರುವ ಕೊಳವೆಯನ್ನು ಬೇಕಾದಷ್ಟಕ್ಕೆ ಕತ್ತರಿಸಿ ಅದರ ಮೇಲೆ ಹ್ಯಾಂಡಲ್ ಕೂರಿಸುತ್ತೇವೆ. ಕೊಳವೆಯೂ ಕಾರ್ಬನ್ನೇ. ಕತ್ತರಿಸಿದ್ದನ್ನು ಬೆಳೆಸಲಾಗುವುದಿಲ್ಲ.

"ನಿಮಗೆ ಮಾಮೂಲಿ ಹ್ಯಾಂಡಲ್ಲೇ ವಾಸಿ," ಎಂದೆ. "ಮುಂದೆ ಬೆನ್ನು ಏನಾದ್ರೂ..."

"ನನ್ನ ಬೆನ್ನೂ ಇಂಟಿಗ್ರೇಟೆಡ್ಡೇ ಕಣೋ. ಜೋಡಿ ಸರಿಯಾಗುತ್ತೆ, ಅಳತೆ ತಗೋ."

ತಗೊಂಡೆ. ಅಂಗಡಿಯಲ್ಲಿ ಅಳತೆಗೆಂದೇ ಕಟ್ಟಿ ನಿಲ್ಲಿಸಿದ ಸೈಕಲ್ ಒಂದಿದೆ. ಅದರ ಹ್ಯಾಂಡಲ್ಲನ್ನು ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಬಹುದು. ಚಿಕ್ಕಪ್ಪ ಅದನ್ನು ಹತ್ತಿ ತುಳಿದರು. ಉದ್ದ ಹೆಚ್ಚಿಸಿದೆ, ಬಗ್ಗಿದರು. ತಗ್ಗಿಸಿದೆ, ಇನ್ನೂ ಬಗ್ಗಿದರು. "ಇನ್ನೂ ಇಳಿಸು" ಎಂದರು. ಹಣೆಯಲ್ಲಿ ಬೆವರು, ಮುಖದಲ್ಲಿ ನಗು. ನಾನು ಪಕ್ಕದಿಂದ ಮೊಣಕೈಯ ಕೋನ ಅಳೆದೆ, ಬೆನ್ನಿನ ಕೋನ ಅಳೆದೆ, ಕಂಪ್ಯೂಟರ್ ಹಸಿರು ಗುರುತು ತೋರಿಸಿತು. ತಜ್ಞನಿಗೆ ಇನ್ನೇನು ಬೇಕು? ಆ ವಾರದಲ್ಲಿ ಮತ್ತೆ ಎರಡು ಸಲ ಬಂದು ಅಳೆಸಿಕೊಂಡರು. ಬಂದದ್ದೆಲ್ಲ ಸಂಜೆಯೇ. ಟೇಪಿಗೆ ಸೆಂಟಿಮೀಟರ್ ಗೊತ್ತು, ಗಂಟೆ ಗೊತ್ತಿಲ್ಲ. ಬಿಲ್ಲೆ ಧರಿಸಿದವನಿಗಾದರೂ ಗೊತ್ತಾಗಬೇಕಿತ್ತು.

ನಮ್ಮ ಅಂಗಡಿಯ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತೇವೆ. ಕೊಳವೆ ಕತ್ತರಿಸುವ ವಿಷಯದಲ್ಲಿ ಅವರದು ಕಟ್ಟುನಿಟ್ಟು. ಮೊದಲು ಆರಿಸಿದ ಅಳತೆಗೇ ಒಂದು ಮಾಮೂಲಿ ಹ್ಯಾಂಡಲ್ ಕೂರಿಸಿ, ಕೊಳವೆಯ ಉಳಿದ ಭಾಗ ಮೇಲಕ್ಕೆ ನಿಂತಿರುವಂತೆಯೇ ಸೈಕಲ್ಲನ್ನು ಸವಾರನಿಗೆ ಕೊಟ್ಟು ಕಳಿಸಬೇಕು. ಹಾಗೆ ನಿಂತ ಕೊಳವೆಗೆ ಅಂಗಡಿಯಲ್ಲಿ ಜುಟ್ಟು ಎನ್ನುತ್ತಾರೆ. ಒಂದಷ್ಟು ದಿನ ಜುಟ್ಟು ಬಿಟ್ಟುಕೊಂಡೇ ಓಡಾಡಿ ಬಂದಮೇಲೆ, ಎಲ್ಲಿ ಕತ್ತರಿಸಬೇಕೆಂದು ಸವಾರ ತನ್ನ ಕೈಯಾರೆ ಬಿಳಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಬೇಕು. ಗೆರೆ ಎಳೆದ ದಿನ ಗರಗಸ ಮುಟ್ಟುವಂತಿಲ್ಲ. ಮಾರನೆಯ ದಿನ, ಅದೂ ಸವಾರ ಮತ್ತೊಮ್ಮೆ 'ಹೂಂ' ಎಂದರೆ.

"ಏನ್ ಮೇಡಂ, ಮದುವೆಗಿಂತ ಜಾಸ್ತಿ ಯೋಚನೆ ಮಾಡಿಸ್ತೀರಲ್ಲ," ಎಂದರು ಚಿಕ್ಕಪ್ಪ.

"ಮದುವೆ ಬಿಟ್ಟೋಗಬಹುದು. ಇದು ಹಾಗಲ್ಲ," ಎಂದರು ಮೇಡಂ. ಅವರು ನಗಲಿಲ್ಲ.

ಚಿಕ್ಕಪ್ಪ ಜುಟ್ಟಿನ ಸೈಕಲ್ಲಿನಲ್ಲಿ ಒಂದು ಭಾನುವಾರ ಹೋಗಿ ಬಂದರು. ಮಾರನೆಯ ಸಂಜೆ ಅಂಗಡಿಗೆ ಬಂದು ಪೆನ್ಸಿಲ್ ಇಸಿದುಕೊಂಡು ಗೆರೆ ಎಳೆದರು. ಬಲು ಕೆಳಗೆ, ಹ್ಯಾಂಡಲ್ ಎತ್ತರಿಸಲು ಅದರಡಿ ಕೊಳವೆಗೆ ತೊಡಿಸುವ ಬಳೆ ಒಂದಕ್ಕೂ ಜಾಗವಿಲ್ಲದಂತೆ. ಇಪ್ಪತ್ತರ ಹುಡುಗರು ರೇಸಿಗೆ ಹಾಗೆ ಕತ್ತರಿಸಿಕೊಳ್ಳುತ್ತಾರೆ. ಹ್ಯಾಂಡಲ್ ಕೂಡ ಗೋಡೆಯ ಮೇಲಿದ್ದವುಗಳಲ್ಲಿ ಎಲ್ಲಕ್ಕಿಂತ ಉದ್ದನೆಯದನ್ನು ಎತ್ತಿಟ್ಟರು. "ನಾಳೆ ಮಧ್ಯಾಹ್ನ ಫೋನ್ ಮಾಡು, ಹೂಂ ಅಂತೀನಿ" ಎಂದು ಹೊರಟರು.

ನಾನು ಬಸ್ಸಿನಲ್ಲಿದ್ದಾಗ ಚಿಕ್ಕಮ್ಮನ ಫೋನು.

"ಕತ್ತರಿಸಿಬಿಟ್ಯಾ?"

"ಇಲ್ಲ ಚಿಕ್ಕಮ್ಮ, ನಾಳೆ."

"ಹಾಗಾದ್ರೆ ನಾಳೆ ಬೆಳಿಗ್ಗೆ ಮನೆಗೆ ಬಾ. ಬೇಗ ಬಾ. ಅವರು ಶೂ ಹಾಕ್ಕೊಳೋಕೆ ಮುಂಚೆ ಬಾ."

"ಯಾಕೆ, ಏನಾಯ್ತು?"

"ಏನಾಗುತ್ತೆ? ಭಾನುವಾರ ಆ ಸೈಕಲ್ಲಲ್ಲಿ ಬಂದವರು ಗೋಡೆ ಹಿಡಿದು ನಿಂತೇ ಇದ್ರು. ಕೇಳಿದ್ರೆ ಸಿಡುಕು. ನೀನು ಅಳತೆಯವನಲ್ವಾ, ಬಂದು ನೋಡು."

ಹೋದೆ. ಆ ಮನೆಗೆ ನಾನು ಹೋಗದ ತಿಂಗಳಿಲ್ಲ. ನೀರು ಕುಡಿದಷ್ಟು ಸಲೀಸಾಗಿ ಒಳಗೆ ನುಗ್ಗುವ ಮನೆ. ಆದರೆ ಬೆಳಿಗ್ಗೆ ಅಷ್ಟು ಬೇಗ ಎಂದೂ ಹೋದವನಲ್ಲ. ಬಾಗಿಲು ತೆರೆದ ಚಿಕ್ಕಮ್ಮ ತುಟಿಯ ಮೇಲೆ ಬೆರಳಿಟ್ಟು ನಡುಮನೆಯಲ್ಲಿ ಕೂರಿಸಿದರು.

ಕೂತವನು ಗಂಟೆ ನೋಡಲೆಂದು ಗೋಡೆಯತ್ತ ತಿರುಗಿದೆ. ಗಡಿಯಾರ, ಎದ್ದು ನಿಂತರೆ ನನ್ನ ಎದೆಯ ಮಟ್ಟಕ್ಕೆ ಬರುವಷ್ಟು ತಗ್ಗಿನಲ್ಲಿತ್ತು. ಯಾವಾಗಲೂ ಅಲ್ಲೇ ಇದ್ದಂತೆ ನನಗನಿಸಿತ್ತು. ನನ್ನ ತೋಳು ಅದಕ್ಕೆ ತಗುಲಿ ಎಷ್ಟೋ ಸಲ ವಾಲಿಸಿದ್ದೇನೆ. ಅದರ ಪಕ್ಕ ಕ್ಯಾಲೆಂಡರು, ಅದೂ ತಗ್ಗಿನಲ್ಲಿ. ಬಾಗಿಲ ಬಳಿಯ ಕನ್ನಡಿಯಲ್ಲಿ ನನಗೆ ಕಾಣುವುದು ನನ್ನ ಅಂಗಿಯ ಗುಂಡಿಗಳು. ಅಡುಗೆಮನೆಯ ಮೇಲಿನ ಗೂಡುಗಳೆಲ್ಲ ಖಾಲಿ, ಡಬ್ಬಗಳೆಲ್ಲ ಕೆಳಗಿನ ಕಟ್ಟೆಯ ಮೇಲೆ ಸಾಲಾಗಿ. ಚಿಕ್ಕಮ್ಮ ಕುಳ್ಳಿ, ಅದಕ್ಕೇ ಹೀಗೆ ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅವರ ಪಕ್ಕದಲ್ಲೇ ನಿಂತು ಹಾಗೆ ಅಂದುಕೊಂಡಿದ್ದೆ. ಚಿಕ್ಕಮ್ಮ ಚಿಕ್ಕಪ್ಪನಿಗಿಂತ ಎತ್ತರ.

"ಗಡಿಯಾರ ಯಾವಾಗ ಇಳಿಸಿದ್ರಿ?" ಪಿಸುಗುಟ್ಟಿದೆ.

"ಒಂದೇ ಸಲ ಇಳಿಸಿದ್ದಲ್ಲ. ವರ್ಷಕ್ಕೊಂದು ಮೊಳೆ. ಅವರು ಕೆಲಸಕ್ಕೆ ಹೋದಾಗ ಹೊಡೀತಿದ್ದೆ."

"ಅವರು ಏನೂ ಕೇಳಲಿಲ್ವಾ?"

"ಹಳೇ ಮೊಳೆ ತೂತಿಗೆ ಸುಣ್ಣ ಮೆತ್ತಿದ್ದು ಅವರೇ. ನಾನೂ ಕೇಳಲಿಲ್ಲ."

ಮಲಗುವ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಚಿಕ್ಕಪ್ಪ ಮಂಚದ ಅಂಚಿನಲ್ಲಿ ಕೂತಿದ್ದರು. ಬೆನ್ನು ಬಾಗಿದ ಕೊರಡಿನಂತೆ ನಿಂತುಬಿಟ್ಟಿತ್ತು. ಕೈಯಲ್ಲಿ ಲಿಫ್ಟಿನ ತಂತಿಯನ್ನು ಬಗ್ಗಿಸಿ ಮಾಡಿದ ಉದ್ದನೆಯ ಕೊಕ್ಕೆ. ಅದರ ತುದಿಗೆ ಕಾಲುಚೀಲ ಸಿಕ್ಕಿಸಿ, ನೆಲದ ಮೇಲಿದ್ದ ಪಾದದ ಕಡೆ ಇಳಿಸುತ್ತಿದ್ದರು, ಬಾವಿಯಿಂದ ಏನನ್ನೋ ಎತ್ತುವವರ ಹಾಗೆ. ಹೆಬ್ಬೆರಳಿಗೆ ಸಿಕ್ಕಿತು, ಜಾರಿತು. ಮತ್ತೆ ಇಳಿಸಿದರು. ನಾನು ಎದ್ದುಹೋಗಲು ನೋಡಿದೆ. ಚಿಕ್ಕಮ್ಮ ನನ್ನ ತೋಳು ಹಿಡಿದರು.

"ಬೇಡ. ನಾವು ಹಾಕಿಕೊಟ್ರೆ ಆ ದಿನ ಪೂರ್ತಿ ಮಾತಾಡಲ್ಲ."

ಈ ಮನುಷ್ಯನ ಬೆನ್ನಿಗೆ ಮೂರು ಸಂಜೆ ನಮ್ಮ ಕಂಪ್ಯೂಟರ್ ಹಸಿರು ಗುರುತು ಕೊಟ್ಟಿತ್ತು.

ಒಂದು ಕಾಲುಚೀಲ ಏರಿದ ಮೇಲೆ ಚಿಕ್ಕಪ್ಪ ಎದ್ದು ಬಾಗಿಲಿಗೆ ಬಂದರು. ಮೊದಲು ಕಂಡದ್ದು ನನ್ನ ಶೂ ಇರಬೇಕು, ಯಾಕೆಂದರೆ ಮುಖ ಎತ್ತುವ ಮೊದಲೇ ಗುರುತು ಹಿಡಿದರು.

"ತಜ್ಞರು ಬಂದಿದಾರೆ. ಯಾರು ಕರೆಸಿದ್ದು ಅಂತ ಕೇಳಬೇಕಾಗಿಲ್ಲ."

"ಚಿಕ್ಕಪ್ಪ, ಒಂದು ಸಲ ಈಗ ಅಳೀಲಾ?" ಜೇಬಿನಿಂದ ಟೇಪು ತೆಗೆದೆ.

"ಸಂಜೆ ಅಂಗಡಿಗೆ ಬರ್ತೀನಿ."

"ಸಂಜೆ ಅಳತೆ ಇದೆ ನನ್ನ ಹತ್ರ. ನೀವು ಸೈಕಲ್ ತುಳಿಯೋದು ಬೆಳಿಗ್ಗೆ."

ಅವರು ಕುರ್ಚಿ ಹಿಡಿದು ಕೂತರು. ಚಿಕ್ಕಮ್ಮ ಟೀ ತಂದಿಟ್ಟರು. ಲೋಟವನ್ನು ಬಾಯಿಗೆ ಓರೆಯಾಗಿ ಹಿಡಿದು, ಕತ್ತನ್ನು ಹಿಂದಕ್ಕೆ ಬಗ್ಗಿಸದೆ ಕುಡಿಯುವ ಅವರ ರೀತಿಯನ್ನು ನಾನು ಮೊದಲ ಸಲ ಗಮನಿಸಿದೆ. ಅದು ಅವರ ಗತ್ತು ಎಂದುಕೊಂಡಿದ್ದೆ.

ಕತ್ತು ಎಂದಾಗ ನನಗೆ ಇನ್ನೊಂದು ಹೊಳೆಯಿತು. ಹ್ಯಾಂಡಲ್ ತಗ್ಗಿದಷ್ಟೂ ಮೈ ಮುಂದಕ್ಕೆ ಬಾಗುತ್ತದೆ. ಮೈ ಬಾಗಿದಷ್ಟೂ ರಸ್ತೆ ನೋಡಲು ತಲೆ ಎತ್ತಬೇಕು. ಕಂಪ್ಯೂಟರ್ ಬೆನ್ನನ್ನು ಅಳೆದಿತ್ತು. ಕಣ್ಣಿಗೆ ಏನು ಕಾಣುತ್ತದೆಂದು ಅದಕ್ಕೆ ಕೇಳಲು ಬರುವುದಿಲ್ಲ, ನಾನು ಕೇಳಿರಲಿಲ್ಲ.

"ಬಗ್ಗಿದಾಗ ನಿಮಗೆ ಮುಂದೆ ಎಷ್ಟು ದೂರ ಕಾಣುತ್ತೆ?"

"ಮುಂದಿನವನ ಚಕ್ರ ಕಾಣುತ್ತೆ. ಸಾಕು. ಮೇಷ್ಟರ ಕಾಲುಚೀಲ ಯಾವುದು, ಹಲ್ಲಿನ ಡಾಕ್ಟರ ಮೀನಖಂಡ ಯಾವುದು, ಎಲ್ಲಾ ಗೊತ್ತು ನಂಗೆ. ದಾರೀಲಿ ಎದುರಿಗೆ ಸಿಕ್ಕಿದ್ರೆ ಮುಖ ಗುರುತು ಸಿಗಲ್ಲ ಅಷ್ಟೇ."

ತಮಾಷೆಯಾಗಿಯೇ ಹೇಳಿದರು. ನಾನು ನಗುವುದರಲ್ಲಿದ್ದೆ.

"ಆದ್ರೆ ನಿಮ್ಮ ಮುಂದೆ ಯಾರೂ ಇರಲ್ವಲ್ಲ ಚಿಕ್ಕಪ್ಪ," ಎಂದೆ. "ಮುಂದಿರೋದು ನೀವೇ ಅಲ್ವಾ?"

ಅವರು ಲೋಟ ಕೆಳಗಿಟ್ಟರು.

"ಊರು ದಾಟೋ ತನಕ ಯಾರಾದ್ರೂ ಮುಂದೆ ಇರ್ತಾರೆ. ಆಮೇಲೆ... ರಸ್ತೆ ಅಂಚಲ್ಲಿ ಬಿಳಿ ಗೆರೆ ಇದೆಯಲ್ಲ, ಅದನ್ನ ಹಿಡ್ಕೊಂಡು ಹೋಗ್ತೀನಿ."

"ಗೆರೆ ಮೇಲೆ ಯಾರಾದ್ರೂ ನಿಂತಿದ್ರೆ?"

"ಇಲ್ಲೀವರೆಗೆ ಯಾರೂ ನಿಂತಿಲ್ಲ."

ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. ಅವರು ಬೆನ್ನಿನ ಬಗ್ಗೆ ಹೆದರಿ ನನ್ನನ್ನು ಕರೆಸಿದ್ದರು. ಈ ಗೆರೆಯ ವಿಷಯ ಅವರಿಗೂ ಹೊಸದು.

"ಏನ್ರೀ ಇದು," ಎಂದರು, ಅಷ್ಟೇ. ಒಳಗೆ ಬಂದು ಸೆರಗಿನಿಂದ ಒಣಗಿದ ಮೇಜನ್ನೇ ಒರೆಸತೊಡಗಿದರು.

"ನಿಮ್ಮ ಹಿಂದೆ ಹನ್ನೆರಡು ಜನ ಬರ್ತಾರೆ ಚಿಕ್ಕಪ್ಪ. ಅವರೂ ನಿಮ್ಮ ಚಕ್ರ ಮಾತ್ರ ನೋಡ್ಕೊಂಡು ಬರ್ತಾರೆ."

ಇಷ್ಟು ಹೇಳಿದವನು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ. ಬಸ್ಸಿನಲ್ಲಿ ಕಾಲು ತುಳಿದವನಿಗೂ 'ಸಾರಿ' ಎನ್ನುವ ಪ್ರಾಣಿ ನಾನು.

ಚಿಕ್ಕಪ್ಪ ಗಡಿಯಾರದ ಕಡೆ ತಿರುಗಿದರು. ಎದೆಮಟ್ಟದಲ್ಲಿದ್ದುದರಿಂದಲೋ ಏನೋ, ಅದರ ಸದ್ದು ಹತ್ತಿರದಲ್ಲಿ ಕೇಳುತ್ತಿತ್ತು.

"ನಿಂಗೆ ಗೊತ್ತಾಗಲ್ಲ," ಎಂದರು. ಸಿಟ್ಟಿರಲಿಲ್ಲ. "ಹಳೇ ಸೈಕಲ್ಲಲ್ಲಿ ವರ್ಷ ವರ್ಷ ಹ್ಯಾಂಡಲ್ ಕೆಳಗೆ ಒಂದೊಂದು ಬಳೆ ಹಾಕ್ಕೊಂಡು ಬಂದೆ. ಈ ವರ್ಷ ಒಂದು. ಮುಂದಿನ ವರ್ಷ ಇನ್ನೊಂದು. ಪ್ರತಿ ಸಲ ಬಳೆ ಹಾಕುವಾಗ ಇಷ್ಟು ಸೋತೆ ಅಂತ ಲೆಕ್ಕ ಹೇಳಿದ ಹಾಗೆ. ಅದಕ್ಕೇ ಇಂಟಿಗ್ರೇಟೆಡ್ ಅಂದಿದ್ದು. ಒಂದು ಸಲ ಹಾಕಿದ್ರೆ ಮತ್ತೆ ಮುಟ್ಟೋ ಹಾಗಿಲ್ವಲ್ಲ. ಬಗ್ಗೋಕಾಗೋ ತನಕ ಬಗ್ಗೋದು. ಆಗದೇ ಇದ್ದ ದಿನ ಬಿಟ್ಟುಬಿಡೋದು. ನಡುವೆ ಈ ಚೌಕಾಸಿ ಬೇಡ."

ಅಲ್ಲಿಗೆ ನನಗೆ ತಿಳಿಯಿತು. ಗೋಡೆಯ ಮೇಲಿನ ಹ್ಯಾಂಡಲ್ಲಿನ ಅಂದ ನೋಡಿ ಅವರು ಮರುಳಾಗಿರಲಿಲ್ಲ. ಸೈಕಲ್ ಬಿಡುವ ದಿನವನ್ನು ತಾವೇ ಆರಿಸಿಕೊಳ್ಳುತ್ತಿದ್ದರು, ಗೊತ್ತಿದ್ದೂ ಬೇಗನೆ ಬರುವಂತೆ.

ನಾನು ಟೇಪನ್ನು ಜೇಬಿಗಿಟ್ಟೆ. ಆ ಹೊತ್ತಿನಲ್ಲಿ ಅಳೆಯುವುದು ಸರಿಯೆನಿಸಲಿಲ್ಲ. ಹೊರಡುವಾಗ ಚಿಕ್ಕಪ್ಪ ಇನ್ನೊಂದು ಕಾಲುಚೀಲಕ್ಕೆ ಕೊಕ್ಕೆ ಹುಡುಕುತ್ತಿದ್ದರು. ಚಿಕ್ಕಮ್ಮ ಅದನ್ನು ಎತ್ತಿ ಅವರ ಕೈಗೆ ಕೊಟ್ಟರು.

ಮಧ್ಯಾಹ್ನ ನಾನು ಫೋನ್ ಮಾಡಲಿಲ್ಲ, ಅವರೂ ಮಾಡಲಿಲ್ಲ. ಮೇಡಂ ಜುಟ್ಟನ್ನೂ ನನ್ನನ್ನೂ ನೋಡಿ, "ಹೂಂ ಬರಲಿಲ್ವಾ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ಸೈಕಲ್ ಒಳಗಿಡು" ಎಂದರು.

ಒಂದು ವಾರ ಸೈಕಲ್ ಅಂಗಡಿಯ ಒಳಕೋಣೆಯಲ್ಲಿ ಗೋಡೆಗೊರಗಿಕೊಂಡಿತ್ತು. ಆ ಭಾನುವಾರ ಚಿಕ್ಕಪ್ಪ ಗುಂಪಿಗೂ ಹೋಗಲಿಲ್ಲವಂತೆ. ನಾನು ಹೋಗಿ ಮಾತಾಡಿಸುವ ಧೈರ್ಯ ಮಾಡಲಿಲ್ಲ. ದಿನಾ ಒಳಕೋಣೆಗೆ ಹೋಗಿ ಸೈಕಲ್ಲಿನ ಧೂಳು ಒರೆಸಿ ಬರುತ್ತಿದ್ದೆ, ಅದು ಮಾತ್ರ ನನಗೆ ಸಲೀಸು.

ಆಮೇಲೊಂದು ಬೆಳಿಗ್ಗೆ ನಾನು ಅಂಗಡಿಯ ಷಟರ್ ಎತ್ತಲು ಬಂದರೆ ಮೆಟ್ಟಿಲ ಮೇಲೆ ಚಿಕ್ಕಪ್ಪ ಕೂತಿದ್ದರು. ಕೆಲಸದ ಚೀಲ ಪಕ್ಕದಲ್ಲಿತ್ತು. ಒಂದು ಪಾದಕ್ಕೆ ಕಾಲುಚೀಲವಿತ್ತು, ಇನ್ನೊಂದಕ್ಕೆ ಬರಿ ಶೂ.

"ಇವತ್ತು ಒಂದೇ ಹತ್ತಿದ್ದು," ಎಂದರು. "ಏಳೋಕೆ ಕೈ ಕೊಡು."

ಕೊಟ್ಟೆ. ಅವರು ನನ್ನ ಕೈ ಹಿಡಿದು ಎದ್ದದ್ದು ಅದೇ ಮೊದಲು. ಅಳತೆಯ ಸೈಕಲ್ ಹತ್ತಿಸಲು ಸ್ಟೂಲು ಹಾಕಬೇಕಾಯಿತು. ಹ್ಯಾಂಡಲ್ಲನ್ನು ಅವರ ಸಂಜೆಯ ಅಳತೆಯಲ್ಲಿಟ್ಟೆ. ಅವರ ಬೆರಳು ಗಾಳಿಯಲ್ಲಿ ನಿಂತಿತು, ಹ್ಯಾಂಡಲ್ ಇನ್ನೂ ಒಂದು ಗೇಣು ಆಚೆ. ಇಬ್ಬರೂ ಅದನ್ನು ನೋಡಿದೆವು. ನಾನು ಹ್ಯಾಂಡಲ್ಲನ್ನು ಹಿಂದಕ್ಕೆ ತಂದೆ, ಮೇಲಕ್ಕೆ ಎತ್ತಿದೆ. ಬೆರಳು ತಾಗಿತು.

"ತಲೆ ಎತ್ತಿ. ಎದುರು ಗೋಡೇಲಿ ಏನು ಕಾಣುತ್ತೆ?"

"ಕೆಳಗಿನ ಸಾಲು ಚಕ್ರ."

ಇನ್ನೂ ಎತ್ತಿದೆ.

"ಈಗ?"

"ಮೇಲಿನ ಸಾಲು. ನಿಮ್ಮ ಮೇಡಂ ಫೋಟೋ. ಅದರಲ್ಲೂ ನಗ್ತಾ ಇಲ್ಲ."

ಅಲ್ಲಿಗೆ ನಿಲ್ಲಿಸಿದೆ. ಇದೇ ಬೆಳಗಿನ ಅಳತೆ ಎಂದೆ. ಚಿಕ್ಕಪ್ಪ ತಲೆಯಾಡಿಸಲಿಲ್ಲ.

"ಇನ್ನೂ ಒಂದು ಬೆರಳು ಎತ್ತು."

"ಇಷ್ಟೇ ಸರಿಯಾಗಿದೆ ಚಿಕ್ಕಪ್ಪ."

"ಇವತ್ತಿಗೆ ಸರಿ. ಲಿಫ್ಟಿಗೆ ಹಗ್ಗ ಹಾಕುವಾಗ ಇವತ್ತು ಹತ್ತೋರನ್ನ ನೋಡಿ ಹಾಕ್ತೀವಾ? ಮುಂದೆ ಹತ್ತೋರನ್ನೂ ನೋಡಬೇಕು. ಮುಂದಿನ ಬೆನ್ನಿಗೂ ಸೇರಿಸಿ ಎತ್ತು. ಆಮೇಲೆ ನಾನು ಬಳೆ ಹಾಕ್ಕೊಂಡು ಕೂರಲ್ಲ."

ಎತ್ತಿದೆ. ಗೋಡೆಯಿಂದ ಅವರು ಎತ್ತಿಟ್ಟಿದ್ದ ಉದ್ದನೆಯ ಹ್ಯಾಂಡಲ್ಲನ್ನು ವಾಪಸು ತೂಗುಹಾಕಿ, ಎಲ್ಲಕ್ಕಿಂತ ಗಿಡ್ಡದ್ದನ್ನು ಇಳಿಸಿದೆ. ಅದೂ ಒಂದೇ ಅಚ್ಚು. ಮಾಮೂಲಿ ಹ್ಯಾಂಡಲ್ ಬೇಕಾ ಎಂದು ಮತ್ತೆ ಕೇಳಲಿಲ್ಲ. ಚಿಕ್ಕಪ್ಪ ಜುಟ್ಟಿನ ಮೇಲಿನ ಹಳೆಯ ಬಿಳಿ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದರು. ಕಾರ್ಬನ್ ಕೊಳವೆ ಎಷ್ಟು ಎತ್ತರದವರೆಗೆ ತಡೆಯುತ್ತದೋ ಅದರ ತುದಿಯಲ್ಲಿ ಹೊಸ ಗೆರೆ ಎಳೆದರು. ಗೆರೆ ಸೊಟ್ಟಗಾಯಿತು. ಕತ್ತರಿಸುವಾಗ ನೇರ ಮಾಡಿಕೊಳ್ಳುತ್ತೇನೆ ಎಂದೆ.

"ನಾಳೆ ಫೋನ್ ಮಾಡ್ತೀನಿ," ಎಂದೆ.

"ಬೆಳಿಗ್ಗೆನೇ ಮಾಡು."

ಮಾರನೆಯ ಬೆಳಿಗ್ಗೆ ಅವರು ಹೂಂ ಎಂದರು. ಮೂಗಿಗೆ ಬಟ್ಟೆ ಕಟ್ಟಿ, ಧೂಳೇಳದಂತೆ ನೀರು ಚಿಮುಕಿಸಿಕೊಂಡು, ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ದೆ. ಉಂಗುರದಷ್ಟು ತುಂಡು ಕೆಳಗೆ ಬಿತ್ತು. ಮೊದಲಿನ ಗೆರೆಯಾಗಿದ್ದರೆ ಬೀಳುತ್ತಿದ್ದದ್ದು ಅಂಗೈ ಅಗಲದ್ದು. ಬ್ರೇಕಿನ ಕೊಳವೆಗಳನ್ನು ಹ್ಯಾಂಡಲ್ಲಿನ ಹೊಟ್ಟೆಯೊಳಗೆ ತೂರಿಸಿ ಎಣ್ಣೆ ತುಂಬಿ ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಒಂದು ವೈರೂ ಹೊರಗೆ ಕಾಣುತ್ತಿರಲಿಲ್ಲ.

ಭಾನುವಾರ ನಾನೂ ಹೋದೆ. ಅಂಗಡಿಯ ಸೈಕಲ್ಲೊಂದನ್ನು ಮೇಡಂ ಬಳಿ ಬೇಡಿ ತಂದಿದ್ದೆ. ಊರು ದಾಟುವ ಮೊದಲೇ ನನ್ನ ನಾಲಿಗೆ ಹೊರಬಂದಿತ್ತು, ಗುಂಪಿನ ಬಾಲದ ತುದಿಯಲ್ಲಿದ್ದೆ. ಊರಾಚೆ ಬಂದಾಗ ರೂಢಿಯಂತೆ ಎಲ್ಲರೂ ಬದಿಗೆ ಸರಿದು ಚಿಕ್ಕಪ್ಪನಿಗೆ ದಾರಿ ಬಿಟ್ಟರು. ಚಿಕ್ಕಪ್ಪ ತುಳಿಯುವುದನ್ನು ನಿಲ್ಲಿಸಿದರು. ಒಬ್ಬೊಬ್ಬರೇ ಅವರನ್ನು ದಾಟಿ ಹೋದರು.

"ಯಾಕೆ ಲಿಫ್ಟ್, ಕೆಟ್ಟು ನಿಂತ್ಯಾ?" ಹಲ್ಲಿನ ಡಾಕ್ಟರು ಕೂಗಿದರು.

"ಇನ್ನು ಸರದಿ ಮಾಡ್ಕೊಳ್ಳಿ. ನಂಗೆ ಮುಂದೆ ಸರಿಯಾಗಿ ಕಾಣಲ್ಲ," ಎಂದರು ಚಿಕ್ಕಪ್ಪ, ಎಲ್ಲರಿಗೂ ಕೇಳುವಂತೆ.

ಮೇಷ್ಟರು ಮುಂದಕ್ಕೆ ಹೋಗಿ ಗಾಳಿಗೆ ಎದೆ ಕೊಟ್ಟರು. ಗುಂಪಿನ ವೇಗ ಇಳಿಯಿತು. ಚಿಕ್ಕಪ್ಪ ಹಿಂದೆ ಹಿಂದೆ ಬಂದು ನನ್ನ ಪಕ್ಕ ಸೇರಿದರು. ಬೆನ್ನು ಅದೇ ಬೆನ್ನು. ಆದರೆ ನೆಟ್ಟಗೆ ಕೂತಿದ್ದರು, ಮುಖ ರಸ್ತೆಯ ಕಡೆಗಿತ್ತು. ನಾನು ಏದುಸಿರು ಬಿಡುತ್ತಿದ್ದರೂ ಅವರು ನನ್ನನ್ನು ಗೇಲಿ ಮಾಡಲಿಲ್ಲ.

ದೊಡ್ಡ ತಿರುವು ದಾಟಿದಾಗ ದೂರದಲ್ಲಿ ಹಳದಿ ಬಣ್ಣದ ಎತ್ತರದ ಕಟ್ಟಡ ಕಂಡಿತು. ಬಾಲ್ಕನಿಗಳಲ್ಲಿ ಬಟ್ಟೆ ಒಣಹಾಕಿದ್ದರು. ಗೋಡೆಯ ಬಣ್ಣ ಆಗಲೇ ಮಾಸಿತ್ತು.

"ಇದು ಯಾವಾಗ ಕಟ್ಟಿದ್ರು?" ಚಿಕ್ಕಪ್ಪ ಕೇಳಿದರು.

ನಮ್ಮ ಮುಂದಿದ್ದ ಬ್ಯಾಂಕಿನವರು ಹಿಂತಿರುಗಿ ನೋಡಿದರು. ಅದು ಅಲ್ಲಿ ನಿಂತು ವರ್ಷಗಳೇ ಆಗಿವೆ. ಪ್ರತಿ ಭಾನುವಾರ ಅವರೆಲ್ಲ ಅದರ ಮುಂದೆಯೇ ಹಾದುಹೋಗಿದ್ದಾರೆ, ಚಿಕ್ಕಪ್ಪನ ಹಿಂದೆ, ಚಿಕ್ಕಪ್ಪನ ಚಕ್ರವನ್ನೇ ನಂಬಿಕೊಂಡು. ಬ್ಯಾಂಕಿನವರು ಮುಂದೆ ತಿರುಗಿ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

"ಈಚೆಗೆ ಇರಬೇಕು ಚಿಕ್ಕಪ್ಪ," ಎಂದೆ.

ಅವರು ಕಟ್ಟಡ ಹತ್ತಿರ ಬರುವವರೆಗೂ ಅದನ್ನೇ ನೋಡುತ್ತಿದ್ದರು. ಮಹಡಿಗಳನ್ನು ಎಣಿಸುತ್ತಿದ್ದಂತಿತ್ತು. ಕೊನೆಯ ಮಹಡಿಗಳಿಗೆ ಕತ್ತು ಏಳಲಿಲ್ಲ.

"ಮೇಲಿನದನ್ನ ನೀನು ಎಣಿಸು," ಎಂದರು.